ಪಥ್ಯವಿಲ್ಲದ ಕಾಯಿಲೆ

ನಮ್ಮ ಸಾಗರದ ಕಡೆಯ ಮದುವೆಮನೆಗಳಲ್ಲಿ ಶುಗರ್ ಇದ್ದವರಿಗೆ ಒಂದು ಸ್ಥಾನಮಾನ ಇದೆ. ಅವರಿಗೆ ಬರುವ ಕಾಫಿಯೇ ಬೇರೆ. ಹೋಳಿಗೆ ಬಡಿಸುತ್ತ ಬಂದ ಹುಡುಗ ಅವರ ಬಾಳೆಲೆಯ ಮುಂದೆ ಒಂದು ಗಳಿಗೆ ತಡೆದು, ಹಾಕಲೋ ಬೇಡವೋ ಎಂದು ಮುಖ ನೋಡುತ್ತಾನೆ. ಅವರು 'ಇವತ್ತೊಂದಿನ' ಎಂದು ನಿಟ್ಟುಸಿರು ಬಿಟ್ಟು ಎರಡು ಹಾಕಿಸಿಕೊಳ್ಳುತ್ತಾರೆ. ಬಿ.ಪಿ.ಯವರಿಗೆ ಫ್ಯಾನಿನ ಕೆಳಗಿನ ಕುರ್ಚಿ. ಸ್ಟೆಂಟ್ ಹಾಕಿಸಿಕೊಂಡವರಂತೂ ಊಟ ಮುಗಿಸಿ ಕವಳದ ತಟ್ಟೆ ಮುಂದಿಟ್ಟುಕೊಂಡು ಚಪ್ಪರದಡಿ ಕೂತರೆಂದರೆ, ಆಂಬುಲೆನ್ಸ್ ಹತ್ತಿದಲ್ಲಿಂದ ಕಥೆ ಶುರು. ಗಂಡಿನ ಕಡೆಯವರೂ ಬಂದು ಕೇಳಿಸಿಕೊಳ್ಳುತ್ತಾರೆ. ಈ ಸಭೆಯಲ್ಲಿ ನನಗೆ ಜಾಗ ಇರಲಿಲ್ಲ. "ಎಂತದ್ದೇ ಮಾರಾಯ್ತಿ, ಹೀಗೆ ಸೊರಗಿದ್ದೀಯ, ಎಂತ ಆಯ್ತು?" ಎಂದು ಯಾರಾದರೂ ಕೇಳಿದರೆ ಹೇಳಿಕೊಳ್ಳಲು ನನ್ನ ಹತ್ತಿರ ಒಂದು ಕಾಯಿಲೆ ಇರಲಿಲ್ಲ. ಇದ್ದದ್ದು ಬರೀ ನೋವು.

ಅದೂ ಒಂದು ಕಡೆ ನಿಲ್ಲುವ ನೋವಲ್ಲ. ನಿನ್ನೆ ಎಡ ಹೆಗಲಲ್ಲಿದ್ದದ್ದು ಇವತ್ತು ಬಲ ಮೊಣಕೈಯಲ್ಲಿ, ನಾಳೆ ಸೊಂಟದಲ್ಲಿ. ಡಾಕ್ಟರ ಹತ್ತಿರ ಹೆಗಲು ತೋರಿಸೋಣವೆಂದು ಟೋಕನ್ ತೆಗೆಸಿದರೆ ನಮ್ಮ ಸರದಿ ಬರುವಷ್ಟರಲ್ಲಿ ಅದು ಅಲ್ಲಿಂದ ಕಾಲ್ತೆಗೆದಿರುತ್ತದೆ. ಬೆಳಿಗ್ಗೆ ಏಳುವಾಗಲೇ ಇಡೀ ರಾತ್ರಿ ಗದ್ದೆ ನೆಟ್ಟಷ್ಟು ಸುಸ್ತು. ಅಂಗಾಲು ಉರಿ. ಮೂರನೇ ಪಿರಿಯಡ್ಡಿನ ಹೊತ್ತಿಗೆ ಬೋರ್ಡಿನ ಮೇಲ್ತುದಿಗೆ ಕೈ ಏಳುವುದಿಲ್ಲವಾದ್ದರಿಂದ ನನ್ನ ತ್ರಿಭುಜಗಳೆಲ್ಲ ಬೋರ್ಡಿನ ಕೆಳಭಾಗದಲ್ಲೇ ಹುಟ್ಟಿ ಅಲ್ಲೇ ಅಳಿಯುತ್ತಿದ್ದವು. ಇದರ ಮೇಲೆ ಮರೆವು. ಹತ್ತನೇ ತರಗತಿಗೆ ಪೈಥಾಗೊರಸನ ಪ್ರಮೇಯ ಹೇಳಿಕೊಡುವಾಗ ವಿಕರ್ಣ ಎಂಬ ಮಾತೇ ಬಾಯಿಗೆ ಬಾರದೆ "ಆ ಓರೆ ಗೆರೆ ಇದೆಯಲ್ಲ, ಅದು" ಅಂದುಬಿಟ್ಟೆ. ಗಣಿತ ಹೇಳಿಕೊಡುವ ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಆ ಮಕ್ಕಳು ಮರೆಯದೆ ಉಳಿಸಿಕೊಂಡ ಪಾಠ ಅದೊಂದೇ. ಇವತ್ತಿಗೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ "ಓರೆ ಗೆರೆ ಮೇಡಂ" ಎಂದು ಪಿಸುಗುಡುವುದು ಕೇಳುತ್ತದೆ.

ಡಾಕ್ಟರು ಹೆಸರಿಡದಿದ್ದರೇನು, ಮನೆಯವರೆಲ್ಲ ಇಟ್ಟರು. ಅತ್ತೆಯವರ ಪ್ರಕಾರ ಇದು ಉಷ್ಣ. ರಾತ್ರಿ ಅಂಗಾಲಿಗೆ ಹರಳೆಣ್ಣೆ ತಿಕ್ಕಿ, ಮಧ್ಯಾಹ್ನ ಒಂದೆಲಗದ ತಂಬುಳಿ ಉಂಡರೆ ಸರಿ. ಪಕ್ಕದ ಮನೆಯ ಅಕ್ಕನ ಪ್ರಕಾರ ಶುದ್ಧ ಶೀತ. ತಂಬುಳಿ ಉಂಡದ್ದರಿಂದಲೇ ಹೀಗಾದದ್ದು. ಇಬ್ಬರೂ ಬೇಲಿಯ ಎರಡು ಬದಿ ನಿಂತು ನನ್ನ ದೇಹದ ಹವಾಮಾನದ ಬಗ್ಗೆ ವಾದ ಮಾಡುವಾಗ ನಾನು ನಡುವೆ ಮಜ್ಜಿಗೆ ಲೋಟ ಹಿಡಿದು, ಕುಡಿಯಲೋ ಚೆಲ್ಲಲೋ ತಿಳಿಯದೆ ನಿಂತಿದ್ದಿದೆ. ಚಿಕ್ಕಮ್ಮ ಬಂದವಳು ಉಪ್ಪು, ಒಣಮೆಣಸು ನಿವಾಳಿಸಿ ಒಲೆಗೆ ಹಾಕಿ, ಘಾಟು ಬರಲಿಲ್ಲ ನೋಡು, ದೃಷ್ಟಿಯೇ ಸೈ ಎಂದಳು. ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಿದ್ದೆವು. ಪುರೋಹಿತರು ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿ ಎಂದರು. ಬೆಂಗಳೂರಿನ ಭಾವನ ಮಗ ಫೋನಿನಲ್ಲೇ ಥೈರಾಯ್ಡ್ ಎಂದು ತೀರ್ಮಾನಿಸಿದ. ಅವನು ಸಿವಿಲ್ ಇಂಜಿನಿಯರು. ಮಿಕ್ಕವರೆಲ್ಲ ಗ್ಯಾಸ್ಟ್ರಿಕ್ ಪಕ್ಷ. ಗ್ಯಾಸ್ಟ್ರಿಕ್ ಎಂಬುದು ಕರ್ನಾಟಕದಲ್ಲಿ ತಲೆನೋವಿನಿಂದ ಹಿಡಿದು ಹಿಮ್ಮಡಿ ನೋವಿನವರೆಗೆ ಎಲ್ಲಕ್ಕೂ ಸಲ್ಲುತ್ತದೆ. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಮಾತ್ರ ಯಾವ ಹೆಸರನ್ನೂ ಹೇಳದೆ, "ದಿನಾ ಗ್ರೌಂಡು ನಾಲ್ಕು ರೌಂಡು ಹೊಡೀರಿ ಮೇಡಂ, ಎಲ್ಲ ಬಿಟ್ಟು ಹೋಗ್ತದೆ" ಎಂದರು. ಎದ್ದು ನಿಲ್ಲಲಾಗದವಳಿಗೆ ಓಡಲು ಹೇಳುವವರ ಮೇಲೆ ಬರಬೇಕಾದಷ್ಟು ಸಿಟ್ಟು ಬಂತು.

ಊರಿನ ನಮ್ಮ ಡಾಕ್ಟರು ಹಳಬರು. ನಾಡಿ ಹಿಡಿದು, ನಾಲಿಗೆ ನೋಡಿ, ಮನೆಯ ಅಡಿಕೆ ಎಷ್ಟಾಯಿತೆಂದು ಕೇಳಿ, ಕೊನೆಗೆ ರಕ್ತಪರೀಕ್ಷೆಗೆ ಬರೆದುಕೊಟ್ಟರು. ವಿಟಮಿನ್ ಡಿ ಕಡಿಮೆ ಎಂದು ಬಂತು. ಮನೆಯಲ್ಲಿ ಹಬ್ಬದ ಕಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಎಂಬುವನು ಇದ್ದಾನೆಂದು ನಂಬಿಕೆಯ ಮೇಲೆ ಬದುಕುವ ಮಲೆನಾಡಿನಲ್ಲಿ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಿಸಿಲು ಕಾಯುವ ಬಯಲುಸೀಮೆಯವರಲ್ಲೂ ಇದು ಧಾರಾಳವಾಗಿ ಕಡಿಮೆ ಇರುತ್ತದೆ. ವಾರಕ್ಕೊಂದು 60,000 ಯೂನಿಟ್ಟಿನ ಪುಡಿಯ ಪೊಟ್ಟಣ, ಹಾಲಿನಲ್ಲಿ ಕಲಸಿ ಕುಡಿಯಬೇಕು. ಸ್ಟಾಫ್‌ರೂಮಿನಲ್ಲಿ ಹೇಳಿದರೆ ಅರ್ಧ ಜನ ತಮ್ಮ ವ್ಯಾನಿಟಿ ಬ್ಯಾಗಿನಿಂದ ಅದೇ ಪೊಟ್ಟಣ ತೆಗೆದು ತೋರಿಸಿದರು. ಪೊಟ್ಟಣಗಳು ಮುಗಿದವು, ಡಿ ಮಟ್ಟ ಏರಿತು, ನೋವು ಮಾತ್ರ ಯಥಾಸ್ಥಾನ. ಅಲ್ಲ, ಯಥಾಸ್ಥಾನದಲ್ಲಿ ಅದು ಎಂದೂ ಇದ್ದದ್ದಿಲ್ಲ.

ಮುಂದೆ ಶಿವಮೊಗ್ಗ. ಅಲ್ಲಿ ನೋಡಿದ ಒಬ್ಬ ಡಾಕ್ಟರು ನನ್ನ ಫೈಲನ್ನು ನೋಟು ಎಣಿಸುವ ವೇಗದಲ್ಲಿ ತಿರುವಿ ಹಾಕಿ, ನನ್ನನ್ನು ಬಿಟ್ಟು ನಮ್ಮ ಮನೆಯವರ ಕಡೆ ತಿರುಗಿ, "ಮನೇಲಿ ಏನಾದ್ರೂ ಟೆನ್ಶನ್ ಇದೆಯಾ?" ಎಂದು ಕೇಳಿದರು. ಇವರು ಪ್ರಾಮಾಣಿಕರು. ಸ್ವಲ್ಪ ಯೋಚನೆ ಮಾಡಿ, "ಇಲ್ಲ ಸಾರ್, ನಾನು ಆರಾಮಾಗೇ ಇದ್ದೇನೆ" ಎಂದರು. ಹೆಂಗಸು ನೋವು ಎಂದರೆ ಮೊದಲು ಮನಸ್ಸು, ಆಮೇಲೆ ಮುಟ್ಟು, ಆಮೇಲೆ ಮುಟ್ಟು ನಿಲ್ಲುವ ವಯಸ್ಸು ಎಂದು ಹುಡುಕಿ, ಯಾವುದೂ ಸಿಗದಿದ್ದರೆ ಮತ್ತೆ ಮನಸ್ಸಿಗೆ ಬಂದು ನಿಲ್ಲುವುದು ವೈದ್ಯಶಾಸ್ತ್ರದ ಹಳೆಯ ಚಾಳಿ. ಟೆನ್ಶನ್ ಇರಲಿಲ್ಲ ಎಂದಲ್ಲ. ಯಾವ ಕಾಯಿಲೆಯೆಂದು ತಿಳಿಯದೆ ಊರೂರು ಅಲೆಯುವವಳಿಗೆ ಟೆನ್ಶನ್ ಇಲ್ಲದಿದ್ದರೆ ಅದನ್ನೇ ಕಾಯಿಲೆಯೆಂದು ಬರೆದುಕೊಳ್ಳಬೇಕಿತ್ತು.

ಅಲ್ಲಿನ ಬೆಂಚಿನ ಮೇಲೆ ಕಾಯುತ್ತ ಕೂತಾಗ ನಾನೊಂದು ಲೆಕ್ಕ ಮಾಡಿದೆ. ಲ್ಯಾಬಿನ ರಿಪೋರ್ಟಿನಲ್ಲಿ ಪ್ರತಿ ಪರೀಕ್ಷೆಯ ಪಕ್ಕ ಇಷ್ಟರಿಂದ ಇಷ್ಟರವರೆಗೆ ಎಂದು ಒಂದು ಮಿತಿ ಅಚ್ಚಾಗಿರುತ್ತದಲ್ಲ, ಅದನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ 100ಕ್ಕೆ 95 ಮಂದಿ ಒಳಗೆ ಬರುವ ಹಾಗೆ ಹಾಕಿರುತ್ತಾರೆ. ಉಳಿದ 5 ಮಂದಿ ಏನೂ ಆಗದೆಯೂ ಗೆರೆಯಿಂದಾಚೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ ಎಲ್ಲವೂ ಗೆರೆಯೊಳಗೇ ಬರುವ ಸಂಭವನೀಯತೆ 0.95ರ ಘಾತ 20, ಸುಮಾರು 0.36. ಅಂದರೆ ಗುಂಡುಕಲ್ಲಿನ ಹಾಗಿರುವ ಮನುಷ್ಯನಿಗೂ 100ಕ್ಕೆ 64 ಪಾಲು ಏನಾದರೊಂದು ಏರುಪೇರು ಸಿಗಲೇಬೇಕು. ಇ.ಎಸ್.ಆರ್., ಸಿ.ಆರ್.ಪಿ., ಟಿ.ಎಸ್.ಎಚ್., ಬಿ12, ಲಿವರು, ಕಿಡ್ನಿ ಎಂದು ಅಷ್ಟೆಲ್ಲ ಮಾಡಿಸಿದ ನನಗೆ, ಆ ಒಂದು ಡಿ ಬಿಟ್ಟರೆ, ಪುಕ್ಕಟೆ ಸಿಗಬೇಕಾದ ಏರುಪೇರೂ ಸಿಕ್ಕಿರಲಿಲ್ಲ. ಗಣಿತವೂ ಕೈಬಿಟ್ಟಿತೆಂದು ಮನೆಯವರಿಗೆ ಹೇಳಿದೆ. ಅವರು ಕ್ಯಾಂಟೀನಿನಿಂದ ಇಡ್ಲಿ ತಂದುಕೊಟ್ಟರು.

ಗಣಿತ ಕೈಬಿಟ್ಟಿರಲಿಲ್ಲ. ಎ.ಎನ್.ಎ. ಎಂಬ ಪರೀಕ್ಷೆಯಲ್ಲಿ 1:40ರ ಮಟ್ಟದಲ್ಲಿ ಪಾಸಿಟಿವ್ ಎಂದು ಬಂತು. ದೇಹ ತನ್ನ ಮೇಲೆ ತಾನೇ ಯುದ್ಧ ಹೂಡುವ ಲೂಪಸ್‌ನಂಥ ರೋಗಗಳ ಸುಳಿವು ಹಿಡಿಯುವ ಪರೀಕ್ಷೆ ಇದು. ಆ ಕಾಗದ ಕೈಗೆ ಬಂದಾಗ ನನ್ನ ಎದೆಯಲ್ಲಿ ಹುಟ್ಟಿದ್ದು ಭಯವಲ್ಲ, ಒಂದು ತೆರನ ಸಡಗರ. ಸುಳ್ಳು ಹೇಳುತ್ತಿರಲಿಲ್ಲ ನಾನು, ನೋಡಿ, ಅಚ್ಚಾಗಿದೆ. ಇಷ್ಟು ದಿನ ಬಿಡದೆ ಜೊತೆಗೆ ಬಂದ ಮನೆಯವರ ಕಣ್ಣಲ್ಲೂ ಆವರೆಗೆ ಒಂದು ಸಣ್ಣ ಅನುಮಾನ ಇತ್ತೆಂಬುದು, ಅದು ಆ ಹೊತ್ತು ಕರಗಿದ್ದನ್ನು ಕಂಡಾಗಲೇ ನನಗೆ ಗೊತ್ತಾದದ್ದು. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೇ ಬಿಟ್ಟುಕೊಟ್ಟರು. ಮುಂದಿನ ವಾರ ಮತ್ತೊಬ್ಬ ಡಾಕ್ಟರು ನಗುನಗುತ್ತ ಹೇಳಿದರು: 1:40ರ ಮಟ್ಟದಲ್ಲಾದರೆ ಆರೋಗ್ಯವಾಗಿರುವ 100 ಜನರಲ್ಲಿ 30 ಜನಕ್ಕೂ ಹೀಗೇ ಬರುತ್ತದೆ, 1:160ಕ್ಕೆ ಹೋದರೂ 5 ಜನಕ್ಕೆ ಬರುತ್ತದೆ, ಚಿಂತೆ ಬೇಡ. ಅವರಿಗೆ ಅದು ಶುಭಸುದ್ದಿ. ನಾನು ಮನೆಗೆ ಬಂದು ಅತ್ತಿದ್ದು ಮನೆಯವರಿಗೂ ಅರ್ಥವಾಗಲಿಲ್ಲ.

ಮಲೆನಾಡಿನಲ್ಲಿ ಕೊನೆಯ ಮಾತು ಎಂದರೆ ಘಟ್ಟದ ಕೆಳಗೆ ಹೋಗಿ ಬರುವುದು. 'ಮಣಿಪಾಲಕ್ಕೆ ಕರ್ಕೊಂಡು ಹೋದ್ರಂತೆ' ಎಂದು ಯಾರ ಬಗ್ಗೆಯಾದರೂ ಬಂತೆಂದರೆ ಕೇಳಿದವರು ಒಂದು ಕ್ಷಣ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸುತ್ತಾರೆ. ನಾವೂ ಹೊಸನಗರ, ನಗರ ದಾಟಿ, ಹುಲಿಕಲ್ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳೆಸಿಕೊಂಡು ಕರಾವಳಿಗಿಳಿದೆವು. ಎಂ.ಆರ್.ಐ. ಆಗಬೇಕಿತ್ತು. ಮೈಮೇಲೆ ಲೋಹ ಏನೂ ಇರಕೂಡದೆಂದರು. ಓಲೆ, ಬಳೆ ತೆಗೆದೆ. ಮಾಂಗಲ್ಯ ತೆಗೆಯುವಾಗ ಅತ್ತೆಯ ನೆನಪಾಗಿ ಕೈ ತಡೆಯಿತು. ಅದರ ಜಾಗದಲ್ಲಿ ಒಂದು ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಳ್ಳಲು ನರ್ಸಮ್ಮನೇ ಹೇಳಿ, ಮೇಜಿನ ಡ್ರಾಯರಿನಿಂದ ದಾರವನ್ನೂ ಕೊಂಬನ್ನೂ ತೆಗೆದುಕೊಟ್ಟಳು. ಎಷ್ಟು ಜನ ಸೊಸೆಯಂದಿರು ಆ ಬಾಗಿಲಲ್ಲಿ ಹೀಗೆ ನಿಂತಿದ್ದರೋ. ಕಾಲುಂಗುರ ಬರಲಿಲ್ಲ. ಮದುವೆಯಾದ ಮೇಲೆ ಬೆರಳು ದಪ್ಪಗಾಗಿ ಅದು ಚರ್ಮದೊಳಗೇ ಮನೆ ಮಾಡಿತ್ತು. ಸೋಪು ಹಚ್ಚಿ, ಕೊಬ್ಬರಿಎಣ್ಣೆ ಹಚ್ಚಿ, ಕೊನೆಗೆ ಆಯಾ ನೆಲದ ಮೇಲೆ ಕೂತು ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ದಾರ ಸುತ್ತಿ ಸುತ್ತಿ ಎಳೆದು ತೆಗೆದಳು. ಎಲ್ಲವನ್ನೂ ಕರವಸ್ತ್ರದಲ್ಲಿ ಗಂಟು ಕಟ್ಟಿ ಮನೆಯವರ ಕೈಗೆ ಕೊಟ್ಟು ಒಳಗೆ ಹೋದೆ. ಆ ಕೊಳವೆಯೊಳಗೆ ಟಕಟಕ, ಗೊರ್ರ್ ಎಂಬ ಸದ್ದನ್ನು ಎಣಿಸುತ್ತ ಮಲಗಿದ್ದೆ. ಹೊರಗೆ ಬಂದು ನೋಡಿದರೆ ಇವರು ಎರಡೂ ಕೈಯಲ್ಲಿ ಆ ಗಂಟನ್ನು ಹಿಡಿದು, ಎದೆಗೆ ಒತ್ತಿಕೊಂಡು, ಅಕ್ಕಪಕ್ಕದವರನ್ನೆಲ್ಲ ಕಳ್ಳರನ್ನು ನೋಡುವ ಹಾಗೆ ನೋಡುತ್ತ ಕೂತಿದ್ದರು. ಮದುವೆಯ ದಿನ ಇಷ್ಟು ಭಯಭಕ್ತಿ ಕಂಡಿರಲಿಲ್ಲ. ಎಂ.ಆರ್.ಐ.ಯಲ್ಲಿ ಏನೂ ಇರಲಿಲ್ಲ.

ಸ್ಟಾಫ್‌ರೂಮಿನಲ್ಲಿ ನನ್ನ ಕಷ್ಟಕ್ಕೆ ಮರುಗಿದವರು ವಿಜ್ಞಾನದ ಮೇಡಂ ಒಬ್ಬರೇ. ಅವರು ಡಾರ್ವಿನ್ನನ ಕಥೆ ಹೇಳಿದರು. ಬೀಗಲ್ ಹಡಗಿನಲ್ಲಿ ಲೋಕ ಸುತ್ತಿ 1836ರಲ್ಲಿ ಊರಿಗೆ ಬಂದ ಆ ಮಹಾಶಯ ಕೆಲವೇ ವರ್ಷಗಳಲ್ಲಿ ಕಾಯಿಲೆ ಬಿದ್ದವನು 1882ರಲ್ಲಿ ಸಾಯುವವರೆಗೂ ಪೂರ್ತಿ ಸುಧಾರಿಸಿಕೊಳ್ಳಲಿಲ್ಲ. ವಾಂತಿ, ಹೊಟ್ಟೆಯುಬ್ಬರ, ಎದೆ ಡವಡವ, ಸುಸ್ತು. ಹೆಸರಾಂತ ಡಾಕ್ಟರೆಲ್ಲ ನೋಡಿದರು. 1849ರಲ್ಲಿ ಮಾಲ್ವರ್ನ್ ಎಂಬ ಊರಿಗೆ ಸಂಸಾರಸಮೇತ ಹೋಗಿ ಜೇಮ್ಸ್ ಗಲ್ಲಿ ಎಂಬ ವೈದ್ಯನ ಕೈಯಲ್ಲಿ ಜಲಚಿಕಿತ್ಸೆ ಮಾಡಿಸಿಕೊಂಡ. ಒದ್ದೆ ಬಟ್ಟೆಯಲ್ಲಿ ಸುತ್ತಿ ಮಲಗಿಸುತ್ತಿದ್ದರಂತೆ. ಆ ವರ್ಷದಿಂದ 1855ರವರೆಗೆ ತನ್ನ ಆರೋಗ್ಯದ್ದೇ ಒಂದು ದಿನಚರಿ ಬರೆದಿಟ್ಟ. 1959ರಲ್ಲಿ ಸಾಲ್ ಆಡ್ಲರ್ ಎಂಬ ವಿಜ್ಞಾನಿ, 1835ರಲ್ಲಿ ಅರ್ಜೆಂಟೀನದಲ್ಲಿ ಕಚ್ಚಿದ ತಿಗಣೆಯಂಥ ಹುಳದಿಂದ ಚಾಗಾಸ್ ಕಾಯಿಲೆ ಅಂಟಿರಬಹುದು ಎಂದ. ಆ ಕಾಯಿಲೆಯನ್ನು ಕಾರ್ಲೋಸ್ ಚಾಗಾಸ್ ಗುರುತಿಸಿದ್ದೇ 1909ರಲ್ಲಿ, ಡಾರ್ವಿನ್ ಸತ್ತು 27 ವರ್ಷಕ್ಕೆ. ಅಲ್ಲ, ಹಾಲು ಜೀರ್ಣವಾಗದ್ದು ಎಂದರು ಬೇರೆಯವರು; ಮನಸ್ಸಿನ ಗಾಬರಿ ಎಂದರು ಇನ್ನು ಕೆಲವರು. ಜಗಳ ಇನ್ನೂ ಮುಗಿದಿಲ್ಲ. ಡಾರ್ವಿನ್ನನಿಗೇ ಸಿಗದ್ದು ನನಗೆ ಸಿಕ್ಕೀತೇ ಎಂದು ಒಂದು ವಾರ ಸಮಾಧಾನವಾಗಿದ್ದೆ. ಆದರೆ ಅವನಿಗೆ 'ಒರಿಜಿನ್' ಬರೆಯುವ ಕೆಲಸವಾದರೂ ಇತ್ತು. ನನಗೆ ಮಾರ್ಕ್ಸ್‌ಕಾರ್ಡ್ ಬರೆಯುವುದು.

ಇನ್ನೊಂದು ಹೊಟ್ಟೆಕಿಚ್ಚೂ ಇತ್ತು. ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು, ಜನಕ್ಕೆ ವಿಪರೀತ ಜ್ವರ ಬಂತು. ಹಳದಿ ಜ್ವರ ಭಾರತಕ್ಕೆ ಬಂತೇ ಎಂದು ಮೊದಲು ಹೆದರಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಪತ್ತೆಮಾಡಿ ಕಾಡಿನ ಹೆಸರನ್ನೇ ಇಟ್ಟರು. ನಮ್ಮಲ್ಲಿ ಮಂಗನ ಕಾಯಿಲೆ ಎನ್ನುತ್ತೇವೆ. ಸುಗ್ಗಿ ಕಳೆದು ಬೇಸಿಗೆ ಬಂದರೆ ಈಗಲೂ ಜ್ವರವೆಂದ ಕೂಡಲೇ ಕೇಳುವ ಮೊದಲ ಪ್ರಶ್ನೆ, "ನಿಮ್ಮ ಕಡೆ ಮಂಗ ಸತ್ತಿದೆಯಾ?" ಕಾಡಿಗೊಂದು ಕಾಯಿಲೆಯ ಹೆಸರು ಸಿಕ್ಕಿತು, ಜಗತ್ತಿನ ಪುಸ್ತಕಗಳಲ್ಲೆಲ್ಲ ಸೇರಿತು. ನನ್ನ ಮೊಣಕೈಗೆ ಯಾವ ಊರಿನವರೂ ಬರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಮೆಡಿಕಲ್ ಶಾಪಿನ ಗಾಜಿಗೆ ಅಂಟಿಸಿದ್ದ ಒಂದು ಚೀಟಿ. ಬೆಂಗಳೂರಿನ ರುಮಟಾಲಜಿಸ್ಟ್ ಒಬ್ಬರು ತಿಂಗಳಿಗೊಂದು ಭಾನುವಾರ ಶಿವಮೊಗ್ಗಕ್ಕೆ ಬರುತ್ತಾರೆ, ಮೊದಲೇ ಹೆಸರು ಬರೆಸಿ. ಹುಡುಗರ ಹಾಗೆ ಕಾಣುವ ಡಾಕ್ಟರು. ಫೈಲನ್ನು ಮುಚ್ಚಿ ಪಕ್ಕಕ್ಕಿಟ್ಟರು. ಆ ಫೈಲಿನ ಮೇಲೆ ನನಗೆ ಎಷ್ಟು ಮಮತೆ ಬೆಳೆದಿತ್ತೆಂದರೆ ಅದನ್ನು ಓದದ್ದು ಕಂಡು ಬೇಸರವೇ ಆಯಿತು. "ಹೇಳಿ ಮೇಡಂ" ಎಂದು ಪೆನ್ನನ್ನೂ ಕೆಳಗಿಟ್ಟು ನನ್ನ ಮುಖ ನೋಡುತ್ತ ಕೂತರು. ಪೂರ್ತಿ ಹೇಳಿ ಎಂದು ಆವರೆಗೆ ಯಾರೂ ಅಂದಿರಲಿಲ್ಲವಾದ್ದರಿಂದ ಎಲ್ಲಿಂದ ಶುರುಮಾಡುವುದೆಂದೇ ಗೊತ್ತಾಗದೆ ವಿಕರ್ಣದಿಂದ ಶುರುಮಾಡಿದೆ. ಅವರು ನಗಲಿಲ್ಲ. ನಿದ್ದೆ ಹೇಗೆ, ಎದ್ದಾಗ ಹೇಗೆ, ಮರೆವು ಎಷ್ಟು ಎಂದು ಕೇಳುತ್ತ ಹೋದರು. ಆಮೇಲೆ ಹೆಬ್ಬೆರಳಿನಿಂದ ಕತ್ತಿನ ಹಿಂದೆ, ಹೆಗಲ ಮೇಲೆ, ಮೊಣಕೈ ಪಕ್ಕ, ಮಂಡಿಯ ಒಳಬದಿ ಒಂದೊಂದೇ ಜಾಗ ಒತ್ತಿದರು. ಕೆಲವು ಕಡೆ ನಾನು ಕೂಗಿದ್ದಕ್ಕೆ ಹೊರಗಿದ್ದ ಮನೆಯವರು ಪರದೆ ಸರಿಸಿ ಇಣುಕಿದರು.

ಫೈಬ್ರೊಮಯಾಲ್ಜಿಯ ಎಂದರು. ರಕ್ತದಲ್ಲಿ, ಎಕ್ಸ್‌ರೇಯಲ್ಲಿ ಕಾಣುವಂಥದ್ದಲ್ಲ. ನೋವನ್ನು ಸಾಗಿಸುವ ನರಗಳ, ಮೆದುಳಿನ ಏರ್ಪಾಡೇ ಸದ್ದು ಜಾಸ್ತಿ ಮಾಡಿಟ್ಟುಕೊಂಡಿರುತ್ತದೆ, ನೋವಂತೂ ನಿಜ ಎಂದರು. 1990ರಲ್ಲಿ ಅಮೆರಿಕದ ರುಮಟಾಲಜಿ ಕಾಲೇಜಿನವರು ಮಾಡಿದ ನಿಯಮದ ಪ್ರಕಾರ ಮೈಮೇಲೆ ಇಂಥ 18 ಜಾಗಗಳು, ಸುಮಾರು 4 ಕಿಲೋ ಭಾರ ಬೀಳುವಷ್ಟು ಒತ್ತಿದಾಗ 11 ಕಡೆ ನೋಯಬೇಕು. ನನ್ನದು 11ಕ್ಕೆ ಮುಟ್ಟಲಿಲ್ಲ. ಒಂದೆರಡು ಅಂಕದಲ್ಲಿ ಫೇಲಾದ ಮಕ್ಕಳ ಮುಖ ಎಷ್ಟು ನೋಡಿದ್ದೇನೆ; ಆ ಹೊತ್ತು ನನ್ನದೂ ಹಾಗೇ ಆಗಿರಬೇಕು. ಗ್ರೇಸ್ ಮಾರ್ಕ್ಸ್ ಇದೆಯೇ ಎಂದು ಬಾಯಿಬಿಟ್ಟು ಕೇಳಿದೆ. ಡಾಕ್ಟರು ಈಗ ನಕ್ಕರು. ಆ ಪದ್ಧತಿ 2010ರಲ್ಲೇ ಬದಲಾಗಿದೆ ಮೇಡಂ, ಈಗ ಒತ್ತುವುದು ಕಡ್ಡಾಯವಲ್ಲ. ಮೈಯ 19 ಭಾಗಗಳಲ್ಲಿ ಎಷ್ಟು ಕಡೆ ನೋವಿದೆ ಎಂಬುದಕ್ಕೊಂದು ಅಂಕ, ಸುಸ್ತು, ನಿದ್ದೆ, ಮರೆವು ಇತ್ಯಾದಿಗೆ 12ರವರೆಗೆ ಇನ್ನೊಂದು ಅಂಕ, ಮೂರು ತಿಂಗಳಾದರೂ ಹೀಗಿರಬೇಕು, ಬೇರೆ ಕಾಯಿಲೆಗಳಿಂದ ಆದದ್ದಲ್ಲವೆಂದು ನೋಡಿಕೊಳ್ಳಬೇಕು. ಹೊಸ ಸಿಲೆಬಸ್ಸಿನಲ್ಲಿ ನಾನು ಫಸ್ಟ್ ಕ್ಲಾಸ್.

ರಾತ್ರಿಗೊಂದು ಸಣ್ಣ ಮಾತ್ರೆ, ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ. ಗೊತ್ತಾದ ಹೊತ್ತಿಗೆ ನಿದ್ದೆ. ಉಳಿದಂತೆ ನಡಿಗೆ, ದಿನ ದಿನ ಸ್ವಲ್ಪ ಜಾಸ್ತಿ ಮಾಡುತ್ತ, ನೋವಿದ್ದರೂ ಬಿಡದೆ. "ಎಲ್ಲಿ ನಡೆಯಲಿ?" ಎಂದದ್ದಕ್ಕೆ "ನಿಮ್ಮ ಸ್ಕೂಲ್ ಗ್ರೌಂಡೇ ಆಗಬಹುದಲ್ಲ" ಎಂದರು. ಈ ವಿಷಯ ಪಿ.ಟಿ. ಮೇಷ್ಟ್ರಿಗೆ ಇನ್ನೂ ತಿಳಿಸಿಲ್ಲ. ಅವರು ಮನೆಗೆ ಹೋದ ಮೇಲೆ ನಡೆಯುತ್ತೇನೆ. ಮಾತ್ರೆ ಕೊಳ್ಳಲು ಹೋದಾಗ ನಮ್ಮ ಊರಿನ ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, ನನ್ನನ್ನು ನೋಡಿ, ಮತ್ತೆ ಚೀಟಿ ನೋಡಿ, ದನಿ ತಗ್ಗಿಸಿ "ಮನೇಲಿ ಎಲ್ಲ ಆರಾಮಾ ಮೇಡಂ?" ಎಂದ. ಅವನು ನನ್ನ ಹಳೆಯ ವಿದ್ಯಾರ್ಥಿ. ಅದು ಖಿನ್ನತೆಗೂ ಕೊಡುವ ಮಾತ್ರೆ ಎಂದು ಅವನಿಗೆ ಗೊತ್ತು. ಸಂಜೆಯೊಳಗೆ ಪೇಟೆಗೂ ಗೊತ್ತು.

ಏಳುವ ಮೊದಲು ಡಾಕ್ಟರು ಒಂದು ಮಾತು ಕೇಳಿದ್ದರು: "ಮನೆಯಲ್ಲಿ ಅಮ್ಮನಿಗೋ ಅಕ್ಕತಂಗಿಯರಿಗೋ ಹೀಗೆ ಇತ್ತಾ?" ಕೆಲವು ಮನೆಗಳಲ್ಲಿ ಬಂದದ್ದೇ ಬರುತ್ತದಂತೆ. ಇಲ್ಲ ಎಂದೆ. ಬಸ್ಸು ಆನಂದಪುರ ದಾಟುವಾಗ ನೆನಪಾಯಿತು. ಸಂಜೆ ಕೊಟ್ಟಿಗೆ ಕೆಲಸ ಮುಗಿಸಿ ಬಂದ ಅಮ್ಮ ಜಗಲಿಯ ಕಂಬಕ್ಕೆ ಒರಗಿ, ಹಳೇ ಸೀರೆಯ ಅಂಚು ಹರಿದು ಎರಡೂ ಮೀನಖಂಡಕ್ಕೆ ಬಿಗಿದು ಕಟ್ಟಿಕೊಂಡು ಕೂರುತ್ತಿದ್ದಳು. ಕೈ ಬೆರಳುಗಳನ್ನು ಒಂದೊಂದೇ ಹಿಡಿದೆಳೆಯಲು ನಮ್ಮನ್ನು ಕರೆಯುತ್ತಿದ್ದಳು. ಆಡುವುದು ಬಿಟ್ಟು ಹೋಗಲು ನಾವು ಜಗಳವಾಡುತ್ತಿದ್ದೆವು. ಅವಳಿಗೆ ಫೈಲಿಲ್ಲ. ಹೆರಿಗೆ ಬಿಟ್ಟರೆ ಆಸ್ಪತ್ರೆ ಕಂಡವಳಲ್ಲ.

ಫೋನು ಮಾಡಿ ಎಲ್ಲ ವಿವರಿಸಿದೆ. ಗಮನವಿಟ್ಟು ಕೇಳಿ, "ಅದಕ್ಕೆ ಎಂತ ಪಥ್ಯ?" ಎಂದಳು. ಪಥ್ಯ ಏನೂ ಇಲ್ಲವಂತೆ ಎಂದೆ. "ಪಥ್ಯ ಇಲ್ಲದಿದ್ದರೆ ಅದೆಂತ ಕಾಯಿಲೆ?" ಎಂದವಳು, ಸ್ವಲ್ಪ ಹೊತ್ತು ಬಿಟ್ಟು, "ಆ ಮಾತ್ರೆ ನನಗೂ ಒಂದೆರಡು ಇಟ್ಟಿರು" ಎಂದಳು.

ಮಾತ್ರೆ ಕೊಡಲಿಲ್ಲ, ಮುಂದಿನ ತಿಂಗಳ ಭಾನುವಾರ ಕರೆದುಕೊಂಡೇ ಹೋದೆ. ಡಾಕ್ಟರ ಎದುರು ಸೆರಗು ಹೊದ್ದು ನೆಟ್ಟಗೆ ಕೂತು, "ನನಗೆಂತ ಆಗಿದ್ದು? ಇವಳ ಜೊತೆಗೆ ಬಂದೆ" ಎಂದುಬಿಟ್ಟಳು. ಡಾಕ್ಟರು ಬಿಡಲಿಲ್ಲ. ಮಂಡಿ ಪಕ್ಕ ಒತ್ತಿದರು. ತುಟಿ ಕಚ್ಚಿ ಸುಮ್ಮನಿದ್ದಳು. ಹೆಗಲು ಒತ್ತಿದರು, "ಅದು ಇರೋದೇ" ಎಂದಳು. "ಯಾವಾಗಿಂದ ಅಮ್ಮಾ?" ಎಂದರೆ, "ನೀರು ತುಂಬಿದ ವರ್ಷದಿಂದ" ಎಂದಳು.

"ಮಂಡಿಯಲ್ಲಿ ನೀರು ತುಂಬಿತ್ತಾ?"

"ಮಂಡಿಯಲ್ಲಲ್ಲ ಮಾರಾಯ್ರೆ, ಊರಲ್ಲಿ."

ಲಿಂಗನಮಕ್ಕಿ ಅಣೆಕಟ್ಟೆ, 1964, ಶರಾವತಿ ಹಿನ್ನೀರು, ಮುಳುಗಡೆ ಎಂದು ನಾನು ಅನುವಾದಕಿಯ ಕೆಲಸ ಮಾಡಬೇಕಾಯಿತು. ಆಗ ಅಮ್ಮ ಹದಿನಾರರ ಹುಡುಗಿ. ತವರಿನ ಪಾತ್ರೆ ಪಡಗ, ಬಾಗಿಲು ದಾರಂದ ಎಲ್ಲ ಲಾರಿಗೆ ಹೇರುವಾಗ ಹಿಡಿದ ಬೆನ್ನಂತೆ. ಇದನ್ನು ನನಗೂ ಅವಳು ಹೇಳಿದ್ದಿಲ್ಲ. ಡಾಕ್ಟರು ಹೊಸ ಹಾಳೆಯ ಮೇಲೆ '1964ರಿಂದ' ಎಂದು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅದನ್ನು ಹೊಡೆದುಹಾಕಿದರು. ಅಮ್ಮ ಬ್ಯಾಗಿನಿಂದ ಅಪ್ಪೆಮಿಡಿಯ ಬಾಟಲಿ ತೆಗೆದು ಅವರ ಮೇಜಿನ ಮೇಲಿಟ್ಟಳು.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಫೀಸು ಎಷ್ಟು ತಗೊಂಡರೆಂದು ಕೇಳಿದಳು. ಹೇಳಿದೆ.

"ಇಬ್ಬರಿಗೂ ಬೇರೆ ಬೇರೆಯಾ?"

"ಹೂಂ."

"ಒಂದೇ ಮನೆಯವರು, ಒಂದೇ ಕಾಯಿಲೆ ಅಂತ ನೀನು ಹೇಳಲಿಲ್ಲವಾ?"